ಸಂಗವ್ವನ ಪಡಿನೆರಳು

ಅಂದು ಬೆಳಿಗ್ಗೆಯೂ ಸಂಗವ್ವ ಸತ್ತ ಸುದ್ದಿ ಬಂತು. ಫೋನು ಎತ್ತಿದವಳು ಸ್ವತಃ ಸಂಗವ್ವನೇ. ಹಾಸಿಗೆಯ ಮೇಲೆ ಎದ್ದು ಕೂತು, ಆಸ್ಪತ್ರೆಯ ಯಂತ್ರ ಓದಿ ಹೇಳಿದ್ದನ್ನೆಲ್ಲ ಹೂಂ ಹೂಂ ಎಂದು ಕೇಳಿಸಿಕೊಂಡು, ಅಡುಗೆಮನೆಯ ಕಡೆ ತಿರುಗಿ ಕೂಗಿ ಹೇಳಿದಳು.

"ಕಸ್ತೂರೀ, ಇವತ್ತೂ ಹೋದೆನವಾ. ಅದ ನಾಕನೇ ದಿನ. ಕಫ ಕಟ್ಟಿ."

ಒಲೆಯ ಮುಂದಿದ್ದ ಸೊಸೆ ಕಸ್ತೂರಿ ಚಹಾದ ಕಪ್ಪು ಹಿಡಿದು ಹೊಸ್ತಿಲವರೆಗೆ ಬಂದವಳು ಅಲ್ಲೇ ನಿಂತಳು. ನಾಲಿಗೆ ಕಚ್ಚಿಕೊಂಡು ಹಿಂದಕ್ಕೆ ಹೋಗಿ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಅವಳು ಕೊಡುವ ಹಾಗಿಲ್ಲ. ಅತ್ತೆಯೇ ಎದ್ದು ಬಂದು ತೆಗೆದುಕೊಳ್ಳಬೇಕು. ಬರುವ ಹೊತ್ತಿಗೆ ಚಹಾ ಆರಿ ಹೋಗಿರುತ್ತದೆ, ಹೋಗಲಿ.

ಹೊರಗಿನವರಿಗೆ ಇದನ್ನೆಲ್ಲ ಕೇಳಿ ತಲೆ ಗಿರ್ರೆನ್ನಬಹುದು, ಆದರೆ ಬೆಟಗೇರಿಯ ಜನಕ್ಕೆ ಈಗ ರೂಢಿಯಾಗಿಬಿಟ್ಟಿತ್ತು. ಹೊಸ ಕಾಯಿದೆ ಬಂದಾಗಿನಿಂದ, ವಯಸ್ಸಾದವರ ಮೈಗೆ ಕತ್ತರಿ ಹಾಕುವ ಮೊದಲು ಅವರ ನೆರಳಿಗೆ ಹಾಕಿ ನೋಡಬೇಕು. ನೆರಳೆಂದರೆ ಬಿಸಿಲಿಗೆ ಬೀಳುವ ನೆರಳಲ್ಲ. ರೋಗಿಯ ಮುಂಗೈಗೊಂದು ಕಾಲಿಗೊಂದು ಕಡಗ ಕಟ್ಟುತ್ತಾರೆ. ಎದೆ ಹೇಗೆ ಬಡಿಯುತ್ತದೆ, ಉಸಿರು ಎಷ್ಟು ಆಳಕ್ಕಿಳಿಯುತ್ತದೆ, ಏಳುವಾಗ ತೊಡೆ ಎಷ್ಟು ಬಿಗಿಯುತ್ತದೆ, ತಂಬಿಗೆ ಎತ್ತುವಾಗ ತೋಳು ಎಷ್ಟು ನಡುಗುತ್ತದೆ, ಎಲ್ಲವನ್ನೂ ಆ ಕಡಗ ಆಸ್ಪತ್ರೆಗೆ ಮುಟ್ಟಿಸುತ್ತದೆ. ಅಲ್ಲಿನ ಕಂಪ್ಯೂಟರು ಅದರಿಂದ ಆ ಮನುಷ್ಯನದೇ ಒಂದು ದೇಹ ಕಟ್ಟುತ್ತದೆ. ಅದಕ್ಕೆ ಪಡಿನೆರಳು ಎಂದು ಹೆಸರು. ದಿನಾ ನಸುಕಿನಲ್ಲಿ ಆ ಪಡಿನೆರಳನ್ನು ಮಲಗಿಸಿ, ಹೊಟ್ಟೆ ಕೊಯ್ದು, ಗಡ್ಡೆ ತೆಗೆದು, ಹೊಲಿಗೆ ಹಾಕಿ, ಮುಂದೆ ಬದುಕುತ್ತದೋ ಇಲ್ಲವೋ ಎಂದು ನೋಡುತ್ತಾರೆ. ಒಂದು ಸಲವಲ್ಲ, ಸಾವಿರ ಸಲ. ಸಾವಿರದಲ್ಲಿ ಬಹುಪಾಲು ನೆರಳುಗಳು ಎದ್ದು ನಡೆದರೆ ಮಾತ್ರ ಅಸಲಿ ಮನುಷ್ಯನಿಗೆ ಹಸಿರು ಚೀಟಿ.

ಊರವರು ಇದಕ್ಕೂ ಹೊಂದಿಕೊಂಡಿದ್ದರು. ಓಣಿಯಲ್ಲಿ ಎದುರಾದವರು "ಚಾ ಆತೇನ್ರಿ" ಎನ್ನುವಷ್ಟೇ ಸಲೀಸಾಗಿ "ನೆರಳು ಎದ್ದೈತೇನ್ರಿ" ಎಂದು ಕೇಳುತ್ತಿದ್ದರು. ನೆರಳು ಸತ್ತರೆ ಸೂತಕ ಉಂಟೋ ಇಲ್ಲವೋ ಎಂದು ಯಾರೋ ಗುಡಿಯ ಆಚಾರ್ಯರನ್ನು ಕೇಳಿ ಬೈಸಿಕೊಂಡಿದ್ದರು. ಇನ್ನೊಬ್ಬ ಮಹರಾಯ ಅಪ್ಪನ ಕಡಗವನ್ನು ಕುಸ್ತಿ ಆಡುವ ತಮ್ಮನಿಗೆ ಕಟ್ಟಿ ಬೈಠಕ್ ಹೊಡೆಸಿದ. ಎದೆಬಡಿತದ ಗುರುತು ಹಿಡಿದ ಯಂತ್ರ ಅಂದೇ ಕೆಂಪು ದೀಪ ಹೊತ್ತಿಸಿತು. ಮೊದಲೆಲ್ಲ ಪ್ರಭಾವ ಇದ್ದವರು ಡಾಕ್ಟರಿಂದ ರುಜು ಹಾಕಿಸಿಕೊಂಡು ಆಪರೇಷನ್ನಿಗೆ ಹೋಗಿ ಹೆಣವಾಗಿ ಬರುತ್ತಿದ್ದರಂತೆ. ಅದಕ್ಕೇ ಈಗ ಡಾಕ್ಟರ ಕೈಗೂ ಬೀಗ. ಮಂತ್ರಿಯ ಮಾವನಾದರೂ ಕಡಗ ಕಟ್ಟಿಕೊಳ್ಳಲೇಬೇಕು.

ಸಂಗವ್ವನ ಕರುಳಿನಲ್ಲಿ ಗಡ್ಡೆಯಾಗಿತ್ತು. ತೆಗೆದರೆ ಬದುಕುವಂಥ ಗಡ್ಡೆ, ಬಿಟ್ಟರೆ ಬಿಡದ ಗಡ್ಡೆ. ಪ್ರತಿ ರೋಗಿಗೂ ಕೆಲವು ವಾರಗಳಂತೆ ಮೂರು ಸುತ್ತು ಅವಕಾಶ. ಮೂರರಲ್ಲೂ ನೆರಳು ಏಳದಿದ್ದರೆ ಆಪರೇಷನ್ ಮಾತೇ ಇಲ್ಲ, ಹಿಂದಿನ ಕಟ್ಟಡದ ಆರೈಕೆ ವಾರ್ಡು. ಅಲ್ಲಿ ನೋವಿಗೆ ಔಷಧಿ ಕೊಡುತ್ತಾರೆ, ಮೆತ್ತಗೆ ಮಾತಾಡುತ್ತಾರೆ. ಅಲ್ಲಿಗೆ ಹೋದವರು ಮನೆಗೆ ಬಂದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಸಂಗವ್ವನ ಎರಡು ಸುತ್ತು ಮುಗಿದು ಮೂರನೆಯದು ನಡೆದಿತ್ತು.

ಮೊದಲ ಸುತ್ತು ಹಾಳಾದದ್ದು ಸಂಗವ್ವನ ಹೆಮ್ಮೆಯಿಂದ. ಅರಿವಳಿಕೆಯ ಡಾಕ್ಟರು ಸಬೀಹಾ ಮೇಡಮ್ಮು ಮೊದಲ ದಿನ ಕೇಳಿದ್ದರು, ಮನೆಯಲ್ಲಿ ಏನೇನು ಕೆಲಸ ಮಾಡ್ತೀರಿ ಅಂತ. ಸಂಗವ್ವ ಸೆರಗು ಸರಿಮಾಡಿಕೊಂಡು, ಮುಖ ಅರಳಿಸಿ ಹೇಳಿದಳು.

"ಏನೂ ಇಲ್ರೀ ಬಾಯಾರ. ಒಂದು ತಂಬಿಗಿ ನೀರೂ ನಾ ತುಂಬ್ಕೊಳ್ಳೂದಿಲ್ಲ. ಕುಂತಲ್ಲೇ ಊಟ, ಕುಂತಲ್ಲೇ ಎಲಿ ಅಡಕಿ. ಏಳಬೇಕಂದ್ರ ಕೈ ಚಾಚಿದ್ರ ಸಾಕು, ಈಕಿ ಹಿಡದಿರ್ತಾಳ. ಅಂಥಾ ಸೊಸಿ ಕೊಟ್ಟಾನ ದೇವರು."

ಪಕ್ಕದಲ್ಲಿ ನಿಂತ ಕಸ್ತೂರಿ ಆ ಮಾತಿಗೆ ಹಿಗ್ಗಿದ್ದಳು. ಸುಳ್ಳೇನಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಕೈಯಿಂದ ರೊಟ್ಟಿಯ ಹಂಚು ಇಸಿದುಕೊಂಡವಳು ಅವಳು. ಅತ್ತೆ ಕೆಮ್ಮಿದರೆ ನೀರು, ಅತ್ತೆ ಕಾಲು ಚಾಚಿದರೆ ದಿಂಬು. ಓಣಿಯಲ್ಲಿ ಯಾರ ಮನೆಯಲ್ಲಿ ಅತ್ತೆ ಸೊಸೆ ಜಗಳವಾದರೂ ಹಿರಿಯರು "ಗಿರಣಿ ಮಹಾಂತೇಶನ ಹೇಂತಿನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಅವಳ ಗಂಡ ಮಹಾಂತೇಶ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವನಿಗೆ ಗಿರಣಿಯಿಂದ ಬಂದ ಹೆಸರಿಗಿಂತ ಹೆಂಡತಿಯಿಂದ ಬಂದ ಹೆಸರೇ ದೊಡ್ಡದಿತ್ತು.

ಆ ಸುತ್ತು ಹಾಗೇ ಕಳೆದು ನೆರಳು ಏಳದೆ ಹೋದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಬೆರಳಿನಿಂದ ಟೇಬಲ್ಲು ಬಡಿಯುತ್ತ ಹೇಳಿದರು.

"ಕಸ್ತೂರಿಯವರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಇವರನ್ನ ಭಾಳ ಚಲೋ ನೋಡ್ಕೊಂಡೀರಿ. ಹಂಗ ನೋಡ್ಕೊಂಡ ನೋಡ್ಕೊಂಡ ಇವರ ಮೈ ಮೆತ್ತಗಾಗಿ ಹೋಗೈತಿ. ಆಪರೇಷನ್ ಆದ ಮ್ಯಾಲ ನಾಕನೇ ದಿನ ಇವರು ತಾವ ಎದ್ದು ಕುಂದರಬೇಕು, ಜೋರಾಗಿ ಕೆಮ್ಮಿ ಕಫ ಹೊರಗ ಹಾಕಬೇಕು. ಅದಕ್ಕ ತಾಕತ್ತು ಬೇಕು. ಇವತ್ತಿನಿಂದ ಯಾರೂ ಹಿಡೀಬ್ಯಾಡ್ರಿ. ನೀವು ಹಿಡಿದ್ರ ಕಡಗಕ್ಕ ಗೊತ್ತಾಗತೈತಿ. ನೀವು ಕೊಟ್ಟ ಬಲಾನ ಅದು ಇವರ ಲೆಕ್ಕದಾಗಿಂದ ಕಳೀತೈತಿ."

ಅಂದಿನಿಂದ ಕಸ್ತೂರಿಗೆ ತನ್ನ ಕೈಗಳೇ ವೈರಿಗಳಾದವು. ಹಿಡಿದರೆ ಕಳೆಯುತ್ತದೆ, ಎತ್ತಿದರೆ ಕಳೆಯುತ್ತದೆ, ತಂದುಕೊಟ್ಟರೆ ಕಳೆಯುತ್ತದೆ. ಮಹಾಂತೇಶನಿಗೆ ಅದನ್ನು ನೋಡುವುದೂ ಆಗದೆ ಬೆಳಗಾಗುತ್ತಲೇ ಗಿರಣಿಗೆ ಓಡುತ್ತಿದ್ದ. ಗಂಡಸರಿಗೆ ಓಡಲು ಒಂದು ಗಿರಣಿಯಾದರೂ ಇರುತ್ತದೆ. ಕಸ್ತೂರಿ ಮಾತ್ರ ಎರಡು ಕೋಣೆ ಒಂದು ಪಡಸಾಲೆಯ ಮನೆಯೊಳಗೆ, ಗೋಡೆ ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ನಡೆಯುವ ಅತ್ತೆಯ ಹಿಂದೆ, ಕೈಕಟ್ಟಿಕೊಂಡು ತಿರುಗಬೇಕಾಯಿತು.

ಆದರೂ ಇಬ್ಬರೂ ಹಟ ಹಿಡಿದು ಮಾಡಿದರು. ಸಂಗವ್ವ ಪ್ಲಾಸ್ಟಿಕ್ಕಿನ ಡಬ್ಬಿಯೊಳಗಿನ ಗೋಲಿಗಳನ್ನು ಉಸಿರಿನಿಂದ ಮೇಲೆಳೆದಳು. ಮಡಿಕೆ ಕಾಳು, ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಂದು ಸಾಕಾಗುವಷ್ಟು ತಿಂದಳು. ಎಷ್ಟೋ ವರ್ಷಗಳ ನಂತರ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ತಾನೇ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಹರಿದುಹೋಗಿ ಲಂಕೆಯ ನಕ್ಷೆಯಂತಾಯಿತು. "ನಿಮ್ಮತ್ತಿ ಇದ್ದಿದ್ರ ಇದನ್ನ ನನ್ನ ಮಾರಿಗೆ ಒಗೀತಿದ್ದಳು" ಎಂದು ಸಂಗವ್ವ ನಕ್ಕಳು. ನಿಮ್ಮತ್ತೆ ಎಂದರೆ ಅವಳೇ, ಹರೆಯದ ಸಂಗವ್ವ.

ಇಷ್ಟಾದರೂ ಎರಡನೇ ಸುತ್ತಿನಲ್ಲಿ ನೆರಳು ಏಳಲಿಲ್ಲ. ಮೂರನೆಯದರಲ್ಲೂ ದಿನಾ ಬೆಳಿಗ್ಗೆ ಅದೇ ನಾಲ್ಕನೇ ದಿನದ ಸಾವು. ಗಡ್ಡೆ ಸ್ವಲ್ಪ ಹಿಗ್ಗಿದೆ ಎಂದೂ ಸ್ಕ್ಯಾನಿನವರು ಹೇಳಿದರು. ಕಸ್ತೂರಿಗೆ ರಾತ್ರಿ ಊಟ ಸೇರದಾಯಿತು.

*

ಒಂದು ದಿನ ಸಬೀಹಾ ಡಾಕ್ಟರು ಕಸ್ತೂರಿಯನ್ನು ಆಸ್ಪತ್ರೆಯ ಮೇಲಂತಸ್ತಿನ ನೆರಳು ಕೋಣೆಗೆ ಕರೆದುಕೊಂಡು ಹೋದರು. ಮನೆಯವರನ್ನು ಅಲ್ಲಿಗೆ ಬಿಡುವ ಪದ್ಧತಿ ಇಲ್ಲ, ಆದರೆ ಡಾಕ್ಟರಿಗೂ ಈ ಕೇಸು ಬಗೆಹರಿದಿರಲಿಲ್ಲ. ತಣ್ಣಗೆ ಕೊರೆಯುವ ಕೋಣೆ, ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಒಂದೊಂದು ಬೂದುಬಣ್ಣದ ಆಕೃತಿ ಮಲಗಿತ್ತು, ಕೂತಿತ್ತು, ನಡೆಯುತ್ತಿತ್ತು. ಯಾವುದಕ್ಕೂ ಮುಖ ಇರಲಿಲ್ಲ.

"ಇದು ನಿಮ್ಮ ಅತ್ತಿ" ಎಂದು ಡಾಕ್ಟರು ಒಂದರ ಮುಂದೆ ನಿಂತರು.

ಹೇಳುವುದು ಬೇಕಾಗಿರಲಿಲ್ಲ. ಬಲಭುಜ ಸ್ವಲ್ಪ ಇಳಿದದ್ದು, ಮಂಡಿ ಒಳಕ್ಕೆ ಬಾಗಿದ್ದು ನೋಡಿಯೇ ಕಸ್ತೂರಿಗೆ ಗೊತ್ತಾಗಿತ್ತು. ಅದಕ್ಕೊಂದು ಹೊದಿಕೆ ಹೊದಿಸಬೇಕು ಅನ್ನಿಸಿತು. ಡಾಕ್ಟರು ಒಂದು ಗುಂಡಿ ಒತ್ತಿದರು. ಆಪರೇಷನ್ ಆಗಿ ಹೋಯಿತು. ಒಂದನೇ ದಿನ, ಎರಡನೇ ದಿನ, ಮೂರನೇ ದಿನ ಕಣ್ಣು ಮಿಟುಕಿಸುವುದರೊಳಗೆ ಕಳೆದವು. ನಾಲ್ಕನೇ ದಿನ ಆಕೃತಿ ಏಳಲು ನೋಡಿತು. ತಲೆಯೆತ್ತಿತು, ಅರ್ಧಕ್ಕೆ ನಿಂತಿತು. ಆಮೇಲೆ ಪಕ್ಕಕ್ಕೆ ಕೈ ಚಾಚಿತು. ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಆಕೃತಿ ಹಿಂದಕ್ಕೆ ಬಿತ್ತು, ಪರದೆ ಕಪ್ಪಾಯಿತು.

"ಯಾಕ್ರೀ ಹಂಗ ಕೈ ಚಾಚತೈತಿ ಅದು?" ಕಸ್ತೂರಿ ಕೇಳಿದಳು.

"ಇವರ ಮೈಗೆ ಅದ ರೂಢಿ ಆಗೈತಿ. ಏಳೂ ಮುಂದ ಕೈ ಚಾಚೂದು, ಯಾರರ ಹಿಡಿಯೂದು. ನೆರಳಿಗೆ ಹಿಡಿಯಾವರು ಯಾರದಾರ ಹೇಳ್ರಿ?"

"ನಾವು ಈಗ ಹಿಡಿಯೂದ ಬಿಟ್ಟೇವಲ್ರೀ ಮೇಡಮ್ಮಾರ. ದೇವರ ಆಣಿಗೂ ಬಿಟ್ಟೇವಿ."

ಡಾಕ್ಟರು ಇನ್ನೊಂದು ಪರದೆಯಲ್ಲಿ ಗೆರೆಗಳ ಚಿತ್ರ ತೋರಿಸಿದರು. ಬೆಳಗಿನ ಹೊತ್ತು ಗೆರೆ ಏರಿ ಏರಿ ಗುಡ್ಡದಂತೆ ನಿಂತಿತ್ತು. "ಇದು ರೊಟ್ಟಿ ಬಡಿಯೂ ಹೊತ್ತು. ಇಷ್ಟು ಚಲೋ ಕೆಲಸ ನಮ್ಮ ವ್ಯಾಯಾಮದವರೂ ಮಾಡಿಸಾಂಗಿಲ್ಲ" ಎಂದರು. ಆಮೇಲೆ ಮಧ್ಯಾಹ್ನದ ಕಡೆ ಬೆರಳಿಟ್ಟರು. ಅಲ್ಲಿ ಗೆರೆ ಧೊಪ್ಪೆಂದು ನೆಲಕ್ಕೆ ಬಿದ್ದು, ದೀಪ ಹಚ್ಚುವ ಹೊತ್ತಿನವರೆಗೂ ಮಲಗಿಬಿಟ್ಟಿತ್ತು. ನಡುನಡುವೆ ಕೆಂಪು ಚುಕ್ಕೆಗಳು. "ಈ ಚುಕ್ಕಿ ಅಂದ್ರ ಯಾರೋ ಎತ್ತಿ ಕುಂದರಿಸ್ಯಾರ, ಯಾರೋ ಕುಡಿಸ್ಯಾರ, ಮತ್ತ ಮಲಗಿಸ್ಯಾರ. ದಿನಾ ಹಿಂಗ ಐತಿ. ಮುಂಜಾನೆ ಗಳಿಸಿದ್ದೆಲ್ಲಾ ಮಧ್ಯಾಹ್ನ ಹೋಗತೈತಿ. ಮಧ್ಯಾಹ್ನ ಏನು ನಡೀತೈತ್ರಿ ನಿಮ್ಮ ಮನ್ಯಾಗ?"

ಕಸ್ತೂರಿ ಆ ಕೆಂಪು ಚುಕ್ಕೆಗಳನ್ನೇ ನೋಡುತ್ತ ನಿಂತಳು. ಮಧ್ಯಾಹ್ನ ಏನು ನಡೆಯುತ್ತದೆ? ಮಂದಿ ಬರುತ್ತಾರೆ. ಮತ್ತೇನು?

ಜಡ್ಡಾದವರನ್ನು ನೋಡಿ ಮಾತಾಡಿಸಿ ಹೋಗದಿದ್ದರೆ ಅದೊಂದು ಓಣಿಯೇ? ಊಟದ ಹೊತ್ತು ಮುಗಿಯುತ್ತಲೇ ಶುರು. ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದು ಇಬ್ಬಿಬ್ಬರು ಮೂವರು ಬರುವರು. ಹೊರಗೆ ಚಪ್ಪಲಿ ಬಿಡುವ ಸದ್ದಾಗುತ್ತಲೇ ಸಂಗವ್ವ ಎಲ್ಲಿದ್ದರೂ ಹೋಗಿ ಹಾಸಿಗೆಯಲ್ಲಿ ಉರುಳುವಳು, ದನಿ ಸಣ್ಣದು ಮಾಡುವಳು. ಬಂದವರು "ಏಳಬ್ಯಾಡ್ರಿ, ಮಲಕೊಳ್ರಿ" ಎನ್ನುವರು. ಅತ್ತೆ ಕೈ ಚಾಚುವಳು, ಕಸ್ತೂರಿ ಎತ್ತಿ ಕೂರಿಸಿ ಎಳನೀರು ಕುಡಿಸುವಳು. ಅಷ್ಟು ಮಂದಿಯೆದುರು ಚಾಚಿದ ಕೈ ಹಿಡಿಯದಿರುವುದು ಹೇಗೆ? ಅದನ್ನು ಹಿಡಿದದ್ದೆಂದೇ ಅವಳು ಎಣಿಸಿರಲಿಲ್ಲ. ಅವರು ಹೋದ ಮೇಲೆ ಮತ್ತೊಂದು ತಂಡ. ದಿನವೂ ದಣಿದಿರುತ್ತಾಳೆ, ಅದಕ್ಕೇ ಮಲಗುತ್ತಾಳೆ ಎಂದೇ ಕಸ್ತೂರಿ ತಿಳಿದಿದ್ದಳು.

ಮನೆಗೆ ಬಂದವಳೇ ಕೇಳಿದಳು. "ಅತ್ತಿ, ಖರೇ ಹೇಳ್ರಿ. ಮಂದಿ ಬಂದಾಗ ನಿಮಗ ಖರೇನ ದಣಿವಾಗಿರತೈತೇನು?"

ಸಂಗವ್ವ ಮೊದಲು ಏನೇನೋ ಮಾತು ತಿರುಗಿಸಿದಳು. ಆಮೇಲೆ ಸಿಟ್ಟಿನಿಂದಲೇ ಹೇಳಿದಳು. "ಮತ್ತೇನು ಮಾಡಲಿ? ಜಡ್ಡಾದ ಮುದುಕಿ ಕಸಾ ಹೊಡೆಯೂದ ನೋಡಿದ್ರ ಮಂದಿ ನನಗ ಏನೂ ಅನ್ನಾಂಗಿಲ್ಲ. ನಿನಗ ಅಂತಾರ. ಇಷ್ಟು ವರ್ಷ ಗಳಿಸಿದ ಹೆಸರು, ನನ್ನ ಒಂದು ಗಡ್ಡಿ ಸಲುವಾಗಿ ಕಳಕೋಬೇಕೇನು ನೀನು?"

ಕಸ್ತೂರಿ ಗೋಡೆಗೊರಗಿ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಸೊಸೆಯ ಹೆಸರು ಕಾಯಲು ಮಲಗಿದ್ದಳು, ಸೊಸೆ ಅತ್ತೆಯ ಮಾನ ಕಾಯಲು ಎತ್ತಿ ಕೂರಿಸಿದ್ದಳು. ಇಬ್ಬರೂ ಸೇರಿ ಮೇಲಂತಸ್ತಿನಲ್ಲಿ ಆ ಮುಖವಿಲ್ಲದ ಮುದುಕಿಯನ್ನು ದಿನಾ ಕೊಲ್ಲುತ್ತಿದ್ದರು.

ಮಂದಿಗೆ ತಿಳಿಸಿ ಹೇಳಿದರಾಯಿತಲ್ಲ ಎನ್ನಬಹುದು. ಹೇಳಿ ನೋಡಿದಳು. ಎದುರುಮನೆಯ ಚೆನ್ನಬಸವ್ವ ಕಡಗವನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿ, ಜೊತೆಗಿದ್ದವಳ ಕಡೆ ಕಣ್ಣು ಹೊಡೆದು, "ಹೌದವಾ, ಸೊಸಿಯಂದ್ರಿಗೆ ಭಾಳ ಅನುಕೂಲದ ಯಂತ್ರ ಬಿಡು" ಎಂದಳು. ಬರಬೇಡಿ ಎಂದು ಬಾಗಿಲು ಹಾಕುವಂತಿರಲಿಲ್ಲ. ಬಾಗಿಲು ಹಾಕಿದ ಮನೆಯೊಳಗೆ ಸೊಸೆ ಏನು ಮಾಡುತ್ತಿದ್ದಾಳೋ ಎಂದು ಹುಟ್ಟುವ ಮಾತು ಇನ್ನೂ ಕೆಟ್ಟದ್ದು. ಅತ್ತೆಯನ್ನು ಬೇರೆಲ್ಲಾದರೂ ಇಡೋಣವೆಂದರೆ ಕಡಗ ಜಾಗ ಬದಲಾದದ್ದನ್ನು ಹಿಡಿದು ಸುತ್ತನ್ನೇ ರದ್ದು ಮಾಡುತ್ತದೆ. ಎತ್ತ ತಿರುಗಿದರೂ ಗೋಡೆ.

ಎರಡು ದಿನ ಯೋಚಿಸಿ ಕಸ್ತೂರಿ ಒಂದು ನಿರ್ಧಾರಕ್ಕೆ ಬಂದಳು. ಹೇಗೂ ಕಳೆಯಬೇಕು. ಯಂತ್ರ ಅತ್ತೆಯ ಲೆಕ್ಕದಲ್ಲಿ ಕಳೆಯುವ ಬದಲು ಮಂದಿ ತನ್ನ ಹೆಸರಿನ ಲೆಕ್ಕದಲ್ಲೇ ಕಳೆಯಲಿ.

*

ಮರುದಿನ ಚೆನ್ನಬಸವ್ವ ಇಬ್ಬರನ್ನು ಕಟ್ಟಿಕೊಂಡು ಬಂದಾಗ ಪಡಸಾಲೆಯ ಕುರ್ಚಿಯಲ್ಲಿ ಕಸ್ತೂರಿ ಕಾಲಮೇಲೆ ಕಾಲು ಹಾಕಿ ಕೂತಿದ್ದಳು. ಎದ್ದು ನಿಲ್ಲಲಿಲ್ಲ. ಹಾಸಿಗೆಯ ಕಡೆ ಹೊರಟಿದ್ದ ಅತ್ತೆಯನ್ನು ನೋಡಿ, ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ಎಲ್ಲಿ ಹೊಂಟ್ರಿ? ಮಂದಿ ಬಂದಾರ, ಚಾ ಮಾಡ್ಕೊಂಡು ಬರ್ರಿ."

ಚೆನ್ನಬಸವ್ವನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಅರ್ಧಕ್ಕೆ ನಿಂತಿತು. ಸಂಗವ್ವ ತಿರುಗಿ ಸೊಸೆಯ ಮುಖ ನೋಡಿದಳು. ಕಸ್ತೂರಿಯ ತುಟಿ ನಡುಗುತ್ತಿದ್ದುದು ಅವಳಿಗೊಬ್ಬಳಿಗೇ ಕಂಡಿತು. ಗೋಡೆ ಹಿಡಿದು ಅಡುಗೆಮನೆಗೆ ನಡೆದಳು. ಪಾತ್ರೆ ಸದ್ದು, ಡಬ್ಬಿ ಸದ್ದು, ನಡುವೆ ಏದುಸಿರು. ಕೊನೆಗೆ ಸಂಗವ್ವ ತಟ್ಟೆಯ ಮೇಲೆ ಕಪ್ಪುಗಳು ಗಲಗಲ ಎನ್ನುವಂತೆ ನಡುಗುತ್ತ ಬಂದಳು. ಕಸ್ತೂರಿ ಒಂದು ಗುಟುಕು ಕುಡಿದು "ಸಕ್ರಿ ಕಡಿಮಿ ಆಗೇತಿ" ಎಂದಳು. ಅದು ಬೇಕಿರಲಿಲ್ಲ. ಆದರೆ ಸಕ್ಕರೆ ತರಲು ಇನ್ನೊಮ್ಮೆ ಹೋಗಿಬರಬಹುದಲ್ಲ ಎಂದು ಆ ಹೊತ್ತಿಗೆ ಹೊಳೆಯಿತು.

ದೀಪ ಹಚ್ಚುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ನೀರು ತುಂಬುವಲ್ಲಿ, ಗಿರಣಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಅದೇ ಮಾತು. ಆಮೇಲೆ ನಡೆದದ್ದು ಮಾತ್ರ ಕಸ್ತೂರಿ ಊಹಿಸಿರದಂಥದು. ನೋಡಲು ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಸಂಗವ್ವನ ಜಡ್ಡು ನೋಡಲು ಬರದಿದ್ದವರೂ ಸೊಸೆಯ ದರ್ಪ ನೋಡಲು ಬಂದರು. ಬಂದಷ್ಟೂ ಸಂಗವ್ವ ಚಹಾ ಮಾಡಬೇಕಾಯಿತು, ಬಾಗಬೇಕಾಯಿತು, ಕಪ್ಪು ತೊಳೆಯಬೇಕಾಯಿತು. ಮಧ್ಯಾಹ್ನದ ಗೆರೆ ನೆಲ ಬಿಟ್ಟು ಮೇಲೇಳುತ್ತಿದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. "ಏನು ಮಾಡಿದ್ರಿ ಕಸ್ತೂರಿಯವರ?" ಎಂದರು. ಕಸ್ತೂರಿ ಫೋನು ಇಟ್ಟು ಮತ್ತೆ ಕುರ್ಚಿಯಲ್ಲಿ ಹೋಗಿ ಕೂತಳು.

ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಗಿರಣಿಯಲ್ಲಿ ಯಾರೋ ಮುಖದ ಮೇಲೆ ಆಡಿದ ಮಾತು ಕೇಳಿ ಬಂದ ಮಹಾಂತೇಶ ಆ ದಿನ ಹೆಂಡತಿಯೊಡನೆ ಊಟಕ್ಕೆ ಕೂರಲಿಲ್ಲ. ಎಲ್ಲ ಗೊತ್ತಿದ್ದೂ ಕೂರಲಿಲ್ಲ. ಕಸ್ತೂರಿ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಸರಿಸುತ್ತಿದ್ದರು. ಮನೆಗೆ ಬಂದರೆ ನೀಲಿಗಟ್ಟಿದ ತುಟಿಯ ಅತ್ತೆ ಕಸಬರಿಗೆ ಊರಿ ನಿಂತಿರುತ್ತಿದ್ದಳು. ನಿಂತಲ್ಲೇ ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿ, ನೆನಪಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಕಸ್ತೂರಿ ಬಚ್ಚಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಹೊರಗೆ ಬಂದು ಮತ್ತೆ ಕೈಕಟ್ಟಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಸಂಗವ್ವ ತಟ್ಟೆ ಹಿಡಿದು ಬರುವಾಗ ಹೊಸ್ತಿಲಿಗೆ ಕಾಲು ತಾಗಿ ಮುಗ್ಗರಿಸಿದಳು. ಕಸ್ತೂರಿಯ ಕೈ ತಾನಾಗಿಯೇ ಮುಂದೆ ಹೋಯಿತು, ಗೇಣು ದೂರದಲ್ಲಿ ನಿಂತಿತು. ಸಂಗವ್ವ ಬೀಳಲಿಲ್ಲ, ಚೌಕಟ್ಟು ಹಿಡಿದು ತಾನೇ ತಡೆದುಕೊಂಡಳು. ತಟ್ಟೆ ಬಿತ್ತು. ಬಿಸಿ ಚಹಾ ಪಾದದ ಮೇಲೆ ಚೆಲ್ಲಿತು. ಅವಳು "ಸ್ಸ್" ಎಂದು ಉಸಿರೆಳೆದು, ಕುಕ್ಕರಗಾಲಲ್ಲಿ ಕೂತು ಕಪ್ಪಿನ ಚೂರು ಆರಿಸತೊಡಗಿದಳು. ಕಸ್ತೂರಿ ಎರಡೂ ಕೈ ಕಂಕುಳಲ್ಲಿ ಒತ್ತಿ ಹಿಡಿದು ನಿಂತಿದ್ದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಶಂಕ್ರವ್ವ ನಿಂತಿದ್ದಳು. ಸಂಗವ್ವನ ಒಬ್ಬಳೇ ಮಗಳು, ಕಸ್ತೂರಿಯ ನಾದಿನಿ, ನರಗುಂದಕ್ಕೆ ಕೊಟ್ಟದ್ದು. ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು. ಸುಳ್ಳಿರಬೇಕು ಎಂದುಕೊಂಡೇ ಬಸ್ಸು ಹತ್ತಿ ಬಂದವಳು ಕಣ್ಣಾರೆ ಕಂಡಳು.

"ವೈನೀ!" ಎಂದು ಅತ್ತಿಗೆಯ ಮೇಲೆ ಚೀರಿದಳು. "ಕಣ್ಣು ಕುಡ್ಡಾಗ್ಯಾವೇನ ನಿನಗ? ನಮ್ಮವ್ವನ ಕಾಲು ಸುಟ್ಟಾವ, ಕೈಕಟ್ಟಿ ನಿಂತು ನೋಡಾಕತ್ತೀಯಲ್ಲಾ!"

ಚೀಲ ಅಲ್ಲೇ ಒಗೆದು ಒಳಗೆ ನುಗ್ಗಿ, ತಾಯಿಯ ಎರಡೂ ರಟ್ಟೆಗೆ ಕೈಹಾಕಿ ಎತ್ತಲು ಹೋದಳು. ಕಾಲ ಕಡಗದಲ್ಲಿ ಪುಟ್ಟ ಕೆಂಪು ದೀಪ ಮಿಣಕ್ ಎಂದಿತು.

"ಮುಟ್ಟಬ್ಯಾಡ!"

ಕಸ್ತೂರಿ ಕೂಗಿದ ಆ ಒಂದು ಮಾತು ಎದುರುಮನೆಯ ಕಟ್ಟೆಗೂ ಕೇಳಿತು, ಅದರಾಚೆಗೂ ಕೇಳಿತು. ಹೆತ್ತ ತಾಯಿಯನ್ನು ಮಗಳು ಮುಟ್ಟಬಾರದೆಂದು ಸೊಸೆ ಕೂಗಿದಳು ಎಂಬುದೇ ಮುಂದೆ ಎಷ್ಟೋ ವರ್ಷ ಆ ಓಣಿಯಲ್ಲಿ ಉಳಿದ ಮಾತು. ಶಂಕ್ರವ್ವ ಸಿಡಿಲು ಬಡಿದವಳಂತೆ ಕೈಬಿಟ್ಟಳು. ಬಳಿಕ ಕಸ್ತೂರಿ ಎಷ್ಟು ಬಿಡಿಸಿ ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

"ಯಂತ್ರಂತ ಯಂತ್ರ! ಯವ್ವಾ, ಏಳು. ಈಗಿಂದೀಗ ನಮ್ಮನಿಗೆ ಹೋಗೂಣು. ಮೆತ್ತನ ಗಾದಿ ಹಾಕ್ತೀನಿ, ನಾ ತುತ್ತು ಮಾಡಿ ಉಣಸ್ತೀನಿ. ಇಲ್ಲಿ ಒಂದು ದಿನ ಇದ್ರ ನೀ ಉಳಿಯಾಂಗಿಲ್ಲ."

ಹೋದರೆ ಸುತ್ತು ಮುಗಿಯಿತು, ಮುಂದೆ ಹಿಂದಿನ ಕಟ್ಟಡದ ವಾರ್ಡು. ತಡೆಯುವ ಹಕ್ಕೂ ಕಸ್ತೂರಿಗಿರಲಿಲ್ಲ. ಮಗಳು ತಾಯಿಯನ್ನು ಕರೆಯುತ್ತಿದ್ದಾಳೆ, ಸೊಸೆ ಯಾರು?

ಸಂಗವ್ವ ಚೂರುಗಳನ್ನೆಲ್ಲ ತಟ್ಟೆಗೆ ಹಾಕಿದಳು. ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ ಊರಿದಳು. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು. ಇಬ್ಬರು ಹೆಂಗಸರು ಎರಡು ಕಡೆ ನಿಂತು ನೋಡುತ್ತಿದ್ದಂತೆ, ಯಾರನ್ನೂ ಹಿಡಿಯದೆ ಎದ್ದು ನಿಂತಳು. ಪಕ್ಕಕ್ಕೆ ಕೈ ಚಾಚಲಿಲ್ಲ.

"ನಾ ಬರೂದಿಲ್ಲವಾ, ಶಂಕ್ರಿ" ಎಂದಳು, ಉಸಿರು ಹಿಡಿದು ಹಿಡಿದು. "ಗಾದಿ ಮ್ಯಾಲ ಭಾಳ ವರ್ಷ ಮಲಗೀನಿ. ನೀವು ಎಲ್ಲಾರೂ ಮಲಕೋ ಅಂತೀರಿ. ಈಕಿ ಒಬ್ಬಾಕಿ ಏಳು ಅಂತಾಳ. ಏಳತೀನಿ ಬಿಡು. ನೀ ಕಾಲ ತೊಳಕೊಂಡು ಬಾ, ಚಾ ಮಾಡ್ತೀನಿ."

ಶಂಕ್ರವ್ವ ಚಹಾ ಕುಡಿಯಲಿಲ್ಲ. ಚೀಲ ಎತ್ತಿಕೊಂಡು, ವೈನಿಯ ಕಡೆ ನೋಡದೆ, ಬಂದ ಬಸ್ಸಿಗೇ ಹೊರಟುಹೋದಳು.

*

ಸುತ್ತು ಮುಗಿಯುವ ಹೊತ್ತಿಗೆ ಡಾಕ್ಟರು ಇಬ್ಬರನ್ನೂ ನೆರಳು ಕೋಣೆಗೆ ಕರೆಸಿದರು. ಸಂಗವ್ವ ಅಂದೇ ಮೊದಲ ಬಾರಿ ತನ್ನ ನೆರಳು ನೋಡಿದ್ದು. "ಅಯ್ಯ, ಮಾರೀನ ಇಲ್ಲಲ್ಲ ಇದಕ್ಕ" ಎಂದು ಮುಖ ಗಂಟಿಕ್ಕಿದಳು. ಒಂದನೇ ದಿನ, ಎರಡನೇ ದಿನ, ಮೂರನೇ ದಿನ. ಕಸ್ತೂರಿ ಕಣ್ಣು ಮುಚ್ಚಿಕೊಂಡಳು. ನಾಲ್ಕನೇ ದಿನ ಆಕೃತಿ ತಲೆಯೆತ್ತಿತು, ಒಂದು ಕೈ ಹಾಸಿಗೆಗೆ ಊರಿತು, ಒಂದು ಕೈ ಮಂಡಿಗೆ ಊರಿತು. ಎದ್ದು ಕೂತು ಕೆಮ್ಮಿತು. ಸದ್ದಿಲ್ಲದ ಕೆಮ್ಮು. ಹತ್ತನೇ ದಿನ ನಡೆದು ಪರದೆಯ ಅಂಚಿನಾಚೆ ಹೋಯಿತು.

"ಸಾವಿರದಾಗ ಭಾಳ ಮಂದಿ ಎದ್ದಾರ" ಎಂದರು ಡಾಕ್ಟರು. "ಎದ್ದದ್ದು ನೆರಳು. ಅಸಲಿದ್ದು ನಿಮ್ಮ ಕೈಯಾಗ ಐತ್ರಿ, ಸಂಗವ್ವಾರ. ಅದಕ್ಕ ನಾ ಮಾತು ಕೊಡಾಕ ಬರೂದಿಲ್ಲ." ಹಸಿರು ಚೀಟಿ ಬಂತು.

ಆಪರೇಷನ್ನಿನ ದಿನ ಆಸ್ಪತ್ರೆಯ ಅಂಗಳದಲ್ಲಿ ಅರ್ಧ ಓಣಿ ನೆರೆದಿತ್ತು. ಶಂಕ್ರವ್ವನೂ ಬಂದು ದೂರದ ಕಂಬಕ್ಕೆ ಒರಗಿದ್ದಳು. ಸಂಗವ್ವ ಆಟೋದಿಂದ ತಾನೇ ಇಳಿದಳು. ಮೆಟ್ಟಿಲು ತಾನೇ ಹತ್ತಿದಳು. ಕಸ್ತೂರಿ ಎರಡು ಹೆಜ್ಜೆ ಹಿಂದೆ ಕೈಕಟ್ಟಿಕೊಂಡು ನಡೆದಳು. "ಇವತ್ತರ ಹಿಡೀಬಾರದಾ, ಎಂಥಾ ಕಲ್ಲೆದಿಯವಾ" ಎಂದು ಯಾರೋ ಅಂದದ್ದು ಕೇಳಿಸಿತು. ದನಿ ಚೆನ್ನಬಸವ್ವನದೇ.

ಶಸ್ತ್ರಚಿಕಿತ್ಸೆಯ ವಿಭಾಗದ ದೊಡ್ಡ ಬಾಗಿಲು ದಾಟಿ ಒಬ್ಬರೇ ಬರಬೇಕೆಂದರು. "ಯಾರು ಬರ್ತೀರಿ?" ಎಂದು ನರ್ಸು ಕೇಳಿದಾಗ ಸಂಗವ್ವ ಮಗನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಲಿಲ್ಲ. "ಈಕಿ" ಎಂದಳು. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಉದ್ದನೆಯ ಓಣಿಯಂಥ ದಾರಿ, ಕೊನೆಯಲ್ಲಿ ನೆಲಕ್ಕೆ ಬಳಿದ ಕೆಂಪು ಗೆರೆ. ಅದರಾಚೆ ಮನೆಯವರಿಗೆ ಪ್ರವೇಶವಿಲ್ಲ.

ನರ್ಸು ಒಂದು ಕತ್ತರಿ ತಂದು ಮುಂಗೈಯ ಕಡಗ ಕತ್ತರಿಸಿದಳು, ಬಾಗಿ ಕಾಲಿನದನ್ನೂ ಕತ್ತರಿಸಿದಳು. "ಇನ್ನು ಇದು ಒಳಗ ಬ್ಯಾಡ್ರಿ. ಹೊರಗ ಬಂದ ಮ್ಯಾಲ ಹೊಸಾದು ಕಟ್ತೀವಿ" ಎಂದು ಅವನ್ನು ತಟ್ಟೆಯಲ್ಲಿ ಹಾಕಿಕೊಂಡು ಮುಂದೆ ಹೋದಳು. ಕಡಗ ಇದ್ದಲ್ಲಿ ಸಂಗವ್ವನ ಚರ್ಮ ಬೆಳ್ಳಗೆ ಮೆತ್ತಗಾಗಿತ್ತು.

ಸಂಗವ್ವ ಪಕ್ಕಕ್ಕೆ ಕೈ ಚಾಚಿದಳು.

ಕಸ್ತೂರಿ ಆ ಕೈಯನ್ನು ನೋಡಿದಳು. ಅವಳ ಕೈಗಳು ಎದೆಯ ಮೇಲೆ ಕಟ್ಟಿದಂತೆಯೇ ಇದ್ದವು. ಬಿಚ್ಚಬೇಕೆಂದರೂ ಬಿಚ್ಚಲಿಲ್ಲ. ಎಷ್ಟು ದಿನದಿಂದ ಹಿಡಿದು ಇಟ್ಟಿದ್ದಳೋ, ಅವು ಅಲ್ಲೇ ಸಿಕ್ಕಿಕೊಂಡಿದ್ದವು.

"ಕಡಗ ಹೋತಲ್ಲ, ಹುಚ್ಚಿ" ಎಂದಳು ಸಂಗವ್ವ. "ಈಗ ಯಾರೂ ಎಣಸೂದಿಲ್ಲ. ಹಿಡಿ."

ಆಗಲೂ ಕಸ್ತೂರಿ ಅಲುಗದಿದ್ದುದನ್ನು ಕಂಡು ಸಂಗವ್ವನೇ ಹತ್ತಿರ ಬಂದಳು. ಸೊಸೆಯ ಕಟ್ಟಿದ ತೋಳುಗಳಲ್ಲಿ ಒಂದನ್ನು ಬಿಡಿಸಿ ಕೆಳಗಿಳಿಸಿದಳು, ಬೆರಳು ಬಿಡಿಸಿ ತನ್ನ ಅಂಗೈ ಅದರೊಳಗಿಟ್ಟಳು. ರೊಟ್ಟಿ ಬಡಿದು ಬಡಿದು ಆ ಅಂಗೈ ಒರಟಾಗಿತ್ತು. ಕಸ್ತೂರಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಚ್ಚಲಿನಲ್ಲಿ ಅತ್ತಂತೆ ಸದ್ದಡಗಿಸದೆ, ಬಾಯಿಬಿಟ್ಟು ಅತ್ತಳು.

ಕೆಂಪು ಗೆರೆ ಬಹಳ ದೂರವಿರಲಿಲ್ಲ. ಇಬ್ಬರೂ ಆದಷ್ಟು ನಿಧಾನವಾಗಿ ನಡೆದರು.